ಮಕ್ಕಳ ಕಣ್ಣಿನ ರೆಪ್ಪೆ ಇಳಿದಿದ್ದರೆ ಮದುವೆಯ ತನಕ ಕಾಯಬೇಡಿ

ಸ್ವಸಹಾಯ ಸಂಘಗಳ ಸಭೆಗಾಗಿ ಆರೋಗ್ಯ ಪಾಠ



ಸಂಘದ ಸಭೆಗಳಲ್ಲಿ ನಾವು ರಕ್ತಹೀನತೆ, ಲಸಿಕೆ, ಡೆಂಗ್ಯೂ ಜ್ವರ, ಬಾಣಂತಿಯರ ಆರೈಕೆ ಮುಂತಾದ ವಿಷಯಗಳ ಬಗ್ಗೆ ಎಷ್ಟೋ ಸಲ ಮಾತಾಡಿದ್ದೇವೆ. ಈ ಸಲ ಯಾರೂ ಹೆಚ್ಚು ಮಾತಾಡದ ಒಂದು ವಿಷಯವನ್ನು ತೆಗೆದುಕೊಳ್ಳೋಣ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಕಣ್ಣಿನ ಮೇಲಿನ ರೆಪ್ಪೆ ಕೆಳಗೆ ಇಳಿದಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಒಂದು ಕಣ್ಣು ಮಾತ್ರ, ಕೆಲವರಲ್ಲಿ ಎರಡೂ ಕಣ್ಣು ಹೀಗಿರುತ್ತದೆ. ನೋಡಿದವರಿಗೆ ಮಗು ಅರೆನಿದ್ರೆಯಲ್ಲಿ ಇರುವ ಹಾಗೆ ಕಾಣುತ್ತದೆ. ಡಾಕ್ಟರುಗಳು ಇದನ್ನು 'ಟೋಸಿಸ್' ಎಂದು ಕರೆಯುತ್ತಾರೆ.

ಕಾಪು, ಕಾರ್ಕಳ ಕಡೆಯ ಸಂಘಗಳಿಗೆ ಹೋದಾಗ ಇಂಥ ಮಗುವಿನ ಬಗ್ಗೆ ಕೇಳಿದರೆ ನಮಗೆ ಸಿಗುವ ಉತ್ತರ ಬಹುತೇಕ ಒಂದೇ. "ಅದು ಹುಟ್ಟಿನಿಂದ ಬಂದದ್ದು ಸಿಸ್ಟರ್, ದೊಡ್ಡವಳಾದ ಮೇಲೆ ಸರಿಯಾಗ್ತದೆ" ಎನ್ನುತ್ತಾರೆ. ಇಲ್ಲವೇ, "ಮದುವೆ ಹೊತ್ತಿಗೆ ಆಪರೇಶನ್ ಮಾಡಿಸಿದರೆ ಆಯ್ತು, ಈಗ ಎಂತಕ್ಕೆ ಮಗುವಿಗೆ ನೋವು ಕೊಡುವುದು?" ಎನ್ನುತ್ತಾರೆ. ಈ ಮಾತು ಮಗುವಿನ ಮೇಲಿನ ಪ್ರೀತಿಯಿಂದಲೇ ಬರುತ್ತದೆ, ನಿಜ. ಆದರೆ ಇದರಿಂದ ಆಗುವ ನಷ್ಟ ಬಹಳ ದೊಡ್ಡದು. ಯಾಕೆ ಎಂದು ಈ ಪಾಠದಲ್ಲಿ ನೋಡೋಣ.

ರೆಪ್ಪೆ ಇಳಿಯುವುದು ಯಾಕೆ?

ನಮ್ಮ ಮೇಲಿನ ರೆಪ್ಪೆಯನ್ನು ಎತ್ತಲು ಅದರ ಒಳಗೆ ಒಂದು ತೆಳ್ಳಗಿನ ಸ್ನಾಯು ಇದೆ. ಅಂಗಡಿಯ ಶಟರನ್ನು ಮೇಲೆ ಎಳೆದ ಹಾಗೆ ಅದು ರೆಪ್ಪೆಯನ್ನು ಮೇಲೆ ಎಳೆಯುತ್ತದೆ. ಹುಟ್ಟಿನಿಂದ ರೆಪ್ಪೆ ಇಳಿದ ಹೆಚ್ಚಿನ ಮಕ್ಕಳಲ್ಲಿ ಈ ಸ್ನಾಯು ಗರ್ಭದಲ್ಲಿ ಸರಿಯಾಗಿ ಬೆಳೆದಿರುವುದಿಲ್ಲ. ಸ್ನಾಯುವಿನ ಎಳೆಗಳು ಇರಬೇಕಾದ ಜಾಗದಲ್ಲಿ ನಾರು ಮತ್ತು ಕೊಬ್ಬು ತುಂಬಿರುತ್ತದೆ. ಕಾಪುವಿನ ಸಹೋದರಿಯರಿಗೆ ಬಲೆಯ ಹಗ್ಗ ಗೊತ್ತು. ಹಳೆಯದಾಗಿ ಗಡುಸಾದ ಹಗ್ಗವನ್ನು ಎಳೆದರೆ ಸರಿಯಾಗಿ ಬರುವುದಿಲ್ಲ, ಬಿಟ್ಟರೆ ಸಡಿಲವೂ ಆಗುವುದಿಲ್ಲ. ಈ ಸ್ನಾಯುವೂ ಹಾಗೆಯೇ. ಆದುದರಿಂದಲೇ ಇಂಥ ಮಗು ಎಚ್ಚರ ಇರುವಾಗ ಕಣ್ಣು ಪೂರ್ತಿ ತೆರೆಯುವುದಿಲ್ಲ, ನಿದ್ರೆ ಮಾಡುವಾಗ ಪೂರ್ತಿ ಮುಚ್ಚುವುದೂ ಇಲ್ಲ. ಇಂಥ ಸ್ನಾಯು ಮಗು ಬೆಳೆದ ಹಾಗೆ ತನ್ನಿಂದ ತಾನೇ ಬಲವಾಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಿದರೆ, ಟಾನಿಕ್ ಕುಡಿಸಿದರೆ ಸರಿಯಾಗುವುದೂ ಇಲ್ಲ.

ಎಲ್ಲ ಮಕ್ಕಳಿಗೂ ಕಾರಣ ಇದೊಂದೇ ಅಲ್ಲ. ಕೆಲವು ಮಕ್ಕಳಲ್ಲಿ ರೆಪ್ಪೆಗೆ ಹೋಗುವ ನರದಲ್ಲಿ ತೊಂದರೆ ಇರುತ್ತದೆ. ಇನ್ನು ಕೆಲವು ಶಿಶುಗಳು ಹಾಲು ಕುಡಿಯುವಾಗ ದವಡೆ ಆಡಿದ ಹಾಗೆ ಇಳಿದ ರೆಪ್ಪೆ ಮೇಲೆ ಕೆಳಗೆ ಆಡುತ್ತದೆ. ಇದನ್ನು ಮೊದಲು ಕಾಣುವವಳು ಹಾಲೂಡಿಸುವ ತಾಯಿಯೇ. ಇದಕ್ಕೆ 'ಮಾರ್ಕಸ್ ಗನ್' ತೊಂದರೆ ಎಂದು ಹೆಸರು. 1883ರಲ್ಲಿ ಇದನ್ನು ವಿವರಿಸಿದ ಕಣ್ಣಿನ ಡಾಕ್ಟರರ ಹೆಸರು ಅದು. ಇದು ದೆವ್ವ ಬಡಿದದ್ದಲ್ಲ. ದವಡೆಯ ನರ ಮತ್ತು ರೆಪ್ಪೆಯ ಸ್ನಾಯುವಿನ ನಡುವೆ ತಪ್ಪಾಗಿ ಸಂಪರ್ಕ ಆಗಿರುವುದರಿಂದ ಹೀಗಾಗುತ್ತದೆ. ಕೆಲವು ಕುಟುಂಬಗಳಲ್ಲಿ ಅಪ್ಪ, ಮಗು ಹೀಗೆ ತಲೆಮಾರಿನಿಂದ ತಲೆಮಾರಿಗೆ ಕಣ್ಣು ಚಿಕ್ಕದಾಗಿ, ರೆಪ್ಪೆ ಇಳಿದು ಬರುವುದೂ ಉಂಟು.

ಇದು ತಾಯಿಯ ತಪ್ಪಲ್ಲ

ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದಳು, ಗ್ರಹಣದ ಹೊತ್ತಿಗೆ ಕತ್ತಿ ಹಿಡಿದು ತರಕಾರಿ ಕೊಯ್ದಳು, ಯಾರದೋ ದೃಷ್ಟಿ ತಾಗಿತು, ಇಂಥ ಮಾತುಗಳನ್ನು ನಾವು ಈಗಲೂ ಕೇಳುತ್ತೇವೆ. ಇವು ಯಾವುವೂ ನಿಜ ಅಲ್ಲ. ತಾಯಿ ಮಾಡಿದ ಕೆಲಸದಿಂದ, ತಿಂದ ಆಹಾರದಿಂದ, ನೋಡಿದ ವಸ್ತುವಿನಿಂದ ಮಗುವಿನ ರೆಪ್ಪೆ ಇಳಿಯುವುದಿಲ್ಲ. ಆದರೆ ಇಂಥ ಮಾತಿನಿಂದ ಒಂದು ದೊಡ್ಡ ಹಾನಿ ಆಗುತ್ತದೆ. ತಾಯಿಗೆ ನಾಚಿಕೆ, ಅಪರಾಧ ಭಾವನೆ ಬಂದು ಅವಳು ಮಗುವನ್ನು ಹೊರಗೆ ಕರಕೊಂಡು ಹೋಗಲು ಹಿಂಜರಿಯುತ್ತಾಳೆ. ಆಸ್ಪತ್ರೆಗೆ ಹೋಗಬೇಕಾದ ದಿನಗಳು ಹರಕೆ, ನೂಲು ಕಟ್ಟಿಸುವುದು ಎಂದು ಕಳೆದುಹೋಗುತ್ತವೆ. ಅತ್ತೆಯಂದಿರೂ ಅಜ್ಜಿಯಂದಿರೂ ನಮ್ಮ ಸಂಘಗಳಲ್ಲಿ ಇದ್ದಾರೆ. ಸೊಸೆಯ ಬೆನ್ನಿಗೆ ನಿಂತು, "ಹೋಗುವ ಮಗಾ, ನಾನೂ ಬರ್ತೇನೆ" ಎಂದು ಮೊದಲು ಹೇಳಬೇಕಾದವರು ಅವರು.

ಚಂದದ ಪ್ರಶ್ನೆ ಮಾತ್ರ ಅಲ್ಲ

ಈಗ ಪಾಠದ ಮುಖ್ಯ ವಿಷಯಕ್ಕೆ ಬರೋಣ. ಹುಟ್ಟಿದ ಮಗುವಿಗೆ ಕಣ್ಣು ಇದ್ದ ಮಾತ್ರಕ್ಕೆ ನೋಡಲು ಬರುವುದಿಲ್ಲ. ಮಗು ಮಾತು ಕಲಿತ ಹಾಗೆ, ನಡೆಯಲು ಕಲಿತ ಹಾಗೆ, ನೋಡಲು ಸಹ ಕಲಿಯಬೇಕು. ಕಣ್ಣಿನಿಂದ ಬರುವ ಚಿತ್ರವನ್ನು ಮೆದುಳು ದಿನದಿನವೂ ಅಭ್ಯಾಸ ಮಾಡಿ ಕಲಿಯುತ್ತದೆ. ಮೊದಲ ಕೆಲವು ತಿಂಗಳು, ಕೆಲವು ವರ್ಷ ಈ ಕಲಿಕೆ ಬಹಳ ವೇಗವಾಗಿ ನಡೆಯುತ್ತದೆ. ಸುಮಾರು 7-8 ವರ್ಷದ ಹೊತ್ತಿಗೆ ಬಹುಪಾಲು ಮುಗಿಯುತ್ತದೆ.

ರೆಪ್ಪೆ ಕಣ್ಣಿನ ಪಾಪೆಯ ಮೇಲೆ ಪರದೆಯ ಹಾಗೆ ಬಿದ್ದಿದ್ದರೆ ಆ ಕಣ್ಣಿಗೆ ಚಿತ್ರ ಸರಿಯಾಗಿ ಹೋಗುವುದಿಲ್ಲ. ಪಾಪೆ ಪೂರ್ತಿ ಮುಚ್ಚದಿದ್ದರೂ ಇನ್ನೊಂದು ತೊಂದರೆ ಉಂಟು. ಇಂಥ ಕಣ್ಣುಗಳಲ್ಲಿ ಮುಂಭಾಗದ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಕೆಲವೊಮ್ಮೆ ಒಂದು ಕಡೆಗೆ ಹೆಚ್ಚು ಬಾಗಿರುತ್ತದೆ. ಆಗ ಚಿತ್ರ ಮಸುಕಾಗಿ ಬೀಳುತ್ತದೆ. ಮೆದುಳು ಏನು ಮಾಡುತ್ತದೆ? ಚೆನ್ನಾಗಿ ಕಾಣುವ ಕಣ್ಣಿನ ಚಿತ್ರವನ್ನು ತೆಗೆದುಕೊಂಡು, ಮಸುಕು ಕಣ್ಣನ್ನು ಬಿಟ್ಟುಬಿಡುತ್ತದೆ. ಹೀಗೆ ಕಲಿಯದೆ ಉಳಿದ ಕಣ್ಣಿಗೆ 'ಸೋಮಾರಿ ಕಣ್ಣು' ಎನ್ನುತ್ತಾರೆ. ಡಾಕ್ಟರರ ಭಾಷೆಯಲ್ಲಿ ಆಂಬ್ಲಿಯೋಪಿಯಾ. ಈ ಕಣ್ಣು ಹೊರಗಿನಿಂದ ನೋಡಿದರೆ ಸರಿಯಾಗಿಯೇ ಇರುತ್ತದೆ, ಆದರೆ ದೃಷ್ಟಿ ಇರುವುದಿಲ್ಲ. ಕಲಿಯುವ ವಯಸ್ಸು ದಾಟಿದ ಮೇಲೆ ಕನ್ನಡಕ ಕೊಟ್ಟರೂ, ಆಪರೇಶನ್ ಮಾಡಿದರೂ ಆ ದೃಷ್ಟಿಯನ್ನು ಪೂರ್ತಿ ತರುವುದು ಬಹಳ ಕಷ್ಟ.

ನಮಗೆ ಗೊತ್ತಿರುವ ಒಬ್ಬ ಹುಡುಗಿಯನ್ನು ಮನೆಯವರು ಮದುವೆಯ ಮಾತುಕತೆ ಶುರುವಾದ ಮೇಲೆ ಆಸ್ಪತ್ರೆಗೆ ಕರಕೊಂಡು ಹೋದರು. ಆಪರೇಶನ್ ಚೆನ್ನಾಗಿಯೇ ಆಯಿತು, ರೆಪ್ಪೆ ಎದ್ದಿತು, ಮುಖ ಚಂದ ಕಂಡಿತು. ಆದರೆ ಒಳ್ಳೆಯ ಕಣ್ಣನ್ನು ಮುಚ್ಚಿ ಅಕ್ಷರದ ಬೋರ್ಡು ತೋರಿಸಿದಾಗ ಮೇಲಿನ ದೊಡ್ಡ ಅಕ್ಷರ ಬಿಟ್ಟರೆ ಬೇರೆ ಯಾವುದೂ ಅವಳಿಗೆ ಓದಲು ಆಗಲಿಲ್ಲ. ಅಷ್ಟು ವರ್ಷ ಅವಳು ಒಂದೇ ಕಣ್ಣಿನಲ್ಲಿ ನೋಡುತ್ತಿದ್ದಳು ಎನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಮುಖಕ್ಕಾಗಿ ಮದುವೆಯ ತನಕ ಕಾಯಬಹುದು. ದೃಷ್ಟಿ ಮಾತ್ರ ಕಾಯುವುದಿಲ್ಲ.

ಮನೆಯಲ್ಲಿ ನಾವು ಗಮನಿಸಬೇಕಾದದ್ದು

ಸಾಮಾನ್ಯವಾಗಿ ಮೇಲಿನ ರೆಪ್ಪೆ ಕಣ್ಣಿನ ಕಪ್ಪು ಭಾಗದ ಮೇಲ್ತುದಿಯನ್ನು ಒಂದೆರಡು ಮಿಲಿಮೀಟರ್ ಮಾತ್ರ ಮುಚ್ಚಿರುತ್ತದೆ. ಮಗು ನಮ್ಮನ್ನು ನೇರವಾಗಿ ನೋಡುವಾಗ ಹಗಲು ಬೆಳಕಿನಲ್ಲಿ ಈ ಕೆಳಗಿನವುಗಳನ್ನು ಗಮನಿಸಿ:

1. ಎರಡು ಕಣ್ಣುಗಳು ಸಮಾನವಾಗಿ ತೆರೆದಿವೆಯೇ? ಒಂದು ರೆಪ್ಪೆ ಪಾಪೆಯ ಹತ್ತಿರ ಬಂದಿದೆಯೇ, ಅದನ್ನು ಮುಚ್ಚಿದೆಯೇ?

2. ಮಗು ಗದ್ದ ಮೇಲೆತ್ತಿ ನೋಡುತ್ತದೆಯೇ? ಕಾರ್ಕಳದ ಗೊಮ್ಮಟನನ್ನು ನೋಡಲು ನಾವೆಲ್ಲ ಗದ್ದ ಎತ್ತುತ್ತೇವೆ. ರೆಪ್ಪೆ ಇಳಿದ ಮಗು ಎದುರಿಗೆ ಕೂತ ತಾಯಿಯ ಮುಖ ನೋಡಲು, ಶಾಲೆಯ ಕರಿಹಲಗೆ ನೋಡಲು ಸಹ ಹಾಗೆಯೇ ಗದ್ದ ಎತ್ತುತ್ತದೆ. "ಈ ಹುಡುಗನಿಗೆ ಜಂಬ" ಎಂದು ಬೈಯಬೇಡಿ. ಅವನು ರೆಪ್ಪೆಯ ಅಡಿಯಿಂದ ನೋಡಲು ಪ್ರಯತ್ನ ಮಾಡುತ್ತಿದ್ದಾನೆ.

3. ಹುಬ್ಬು ಯಾವಾಗಲೂ ಮೇಲೆ ಎದ್ದು ಹಣೆಯಲ್ಲಿ ಗೆರೆ ಬೀಳುತ್ತದೆಯೇ? ಅದು ಹುಬ್ಬಿನ ಬಲದಿಂದ ರೆಪ್ಪೆ ಎತ್ತುವ ಪ್ರಯತ್ನ.

4. ಆಟದ ಹಾಗೆ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ. ಒಂದು ಕಣ್ಣು ಮುಚ್ಚಿದಾಗ ಮಗು ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಅತ್ತು ಕೈ ತಳ್ಳಿದರೆ, ತೆರೆದಿರುವ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ ಎಂದು ಸಂಶಯ ಪಡಬೇಕು.

5. ಮೆಳ್ಳೆಗಣ್ಣು ಕೂಡ ಇದೆಯೇ?

ಗದ್ದ ಎತ್ತಿ ನೋಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಎತ್ತುವುದನ್ನು ಬಿಟ್ಟರೆ, ಆದರೆ ರೆಪ್ಪೆ ಹಾಗೆಯೇ ಇಳಿದಿದ್ದರೆ, "ಸರಿಯಾಯಿತು" ಎಂದು ತಿಳಿಯಬೇಡಿ. ಆ ಕಣ್ಣನ್ನು ಉಪಯೋಗಿಸುವುದನ್ನೇ ಮಗು ಬಿಟ್ಟಿರಬಹುದು.

ಮನೆಮದ್ದು ಬೇಡ. ಕಣ್ಣಿಗೆ ಎದೆಹಾಲು ಬಿಡುವುದು, ಜೇನು, ಹರಳೆಣ್ಣೆ, ಸೊಪ್ಪಿನ ರಸ ಹಾಕುವುದು ರೆಪ್ಪೆಯ ಸ್ನಾಯುವಿಗೆ ಯಾವ ಸಹಾಯವನ್ನೂ ಮಾಡುವುದಿಲ್ಲ. ಅದರಿಂದ ಕಣ್ಣಿಗೆ ಸೋಂಕು ತಗಲಿ ಹುಣ್ಣಾದರೆ ಇರುವ ದೃಷ್ಟಿಯೂ ಹೋದೀತು.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಹುಟ್ಟಿನಿಂದ ಇರುವ ತೊಂದರೆ ಬೇರೆ, ಹೊಸತಾಗಿ ಬಂದ ತೊಂದರೆ ಬೇರೆ. ಸರಿ ಇದ್ದ ರೆಪ್ಪೆ ಇದ್ದಕ್ಕಿದ್ದಂತೆ ಇಳಿದರೆ, ಜೊತೆಗೆ ತಲೆನೋವು, ವಾಂತಿ, ಮೆಳ್ಳೆಗಣ್ಣು ಇದ್ದರೆ, ಎರಡು ಪಾಪೆಗಳ ಗಾತ್ರ ಬೇರೆ ಬೇರೆ ಆಗಿದ್ದರೆ, ಬಿದ್ದು ತಲೆಗೆ ಪೆಟ್ಟಾದ ನಂತರ ಹೀಗಾದರೆ, ರೆಪ್ಪೆ ಕೆಂಪಾಗಿ ಊದಿ ಜ್ವರ ಬಂದರೆ ಕೂಡಲೇ ಹೋಗಬೇಕು. ಬೆಳಿಗ್ಗೆ ಸರಿ ಇದ್ದು ಸಂಜೆಯಾಗುತ್ತಲೇ ರೆಪ್ಪೆ ಇಳಿದರೆ, ಮಗುವಿಗೆ ಆಯಾಸ ಇದ್ದರೆ, ಅದು ನರ-ಸ್ನಾಯುವಿಗೆ ಸಂಬಂಧಿಸಿದ ಬೇರೆ ಕಾಯಿಲೆ ಆಗಿರಬಹುದು. ಅದಕ್ಕೆ ಮೊದಲ ಚಿಕಿತ್ಸೆ ಆಪರೇಶನ್ ಅಲ್ಲ, ಔಷಧಿ, ತಡಮಾಡದೆ ತೋರಿಸಿ. ನುಂಗಲು, ಉಸಿರಾಡಲು ಸಹ ಕಷ್ಟವಾದರೆ ಒಂದು ಗಳಿಗೆಯೂ ಕಾಯಬಾರದು.

ಡಾಕ್ಟರು ಏನು ಪರೀಕ್ಷೆ ಮಾಡುತ್ತಾರೆ?

ಪರೀಕ್ಷೆಯಿಂದ ಮಗುವಿಗೆ ನೋವಾಗುವುದಿಲ್ಲ. ಮೊದಲಿಗೆ ದೃಷ್ಟಿ ನೋಡುತ್ತಾರೆ. ಮಾತು ಬಾರದ ಶಿಶುವಿಗೂ ದೃಷ್ಟಿ ನೋಡುವ ವಿಧಾನ ಉಂಟು. ಪಾಪೆ ಅಗಲವಾಗುವ ಔಷಧಿ ಬಿಟ್ಟು ಕನ್ನಡಕದ ನಂಬರ್ ನೋಡುತ್ತಾರೆ, ಕಣ್ಣಿನ ಒಳಭಾಗವನ್ನೂ ನೋಡುತ್ತಾರೆ. ಆ ದಿನ ಮಗುವಿಗೆ ಸ್ವಲ್ಪ ಹೊತ್ತು ಬೆಳಕು ಕುಕ್ಕುತ್ತದೆ, ಹೆದರಬೇಕಾಗಿಲ್ಲ.

ಬಳಿಕ ರೆಪ್ಪೆ ಎಷ್ಟು ಇಳಿದಿದೆ, ಅದರ ಸ್ನಾಯುವಿಗೆ ಎಷ್ಟು ಬಲ ಇದೆ ಎಂದು ಅಳೆಯುತ್ತಾರೆ. ಹುಬ್ಬನ್ನು ಬೆರಳಿನಿಂದ ಒತ್ತಿ ಹಿಡಿದು, ಮಗುವಿಗೆ ಕೆಳಗೆ ನೋಡಿ ಆಮೇಲೆ ಮೇಲೆ ನೋಡಲು ಹೇಳಿ, ರೆಪ್ಪೆ ಎಷ್ಟು ಮಿಲಿಮೀಟರ್ ಸರಿಯಿತು ಎಂದು ಸ್ಕೇಲು ಹಿಡಿದು ನೋಡುತ್ತಾರೆ. ಆರೋಗ್ಯವಂತ ರೆಪ್ಪೆ ಸುಮಾರು 15 ಮಿಲಿಮೀಟರ್ ಸರಿಯುತ್ತದೆ. 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸ್ನಾಯುವಿಗೆ ಬಲ ಇಲ್ಲವೆಂದೇ ಲೆಕ್ಕ. ಯಾವ ಆಪರೇಶನ್ ಎನ್ನುವುದು ಬಹುಮಟ್ಟಿಗೆ ಈ ಅಳತೆಯಿಂದಲೇ ತೀರ್ಮಾನ ಆಗುತ್ತದೆ.

ಹೋಗುವಾಗ ಮಗುವಿನ ಹಳೆಯ ಫೋಟೋಗಳನ್ನು ತೆಗೆದುಕೊಂಡು ಹೋಗಿ. ತೊಟ್ಟಿಲು ಹಾಕಿದ ದಿನದ್ದು, ಮೊದಲ ಹುಟ್ಟುಹಬ್ಬದ್ದು ಯಾವುದಿದ್ದರೂ ಆದೀತು. ರೆಪ್ಪೆ ಹುಟ್ಟಿನಿಂದ ಇಳಿದಿತ್ತೋ, ನಡುವೆ ಇಳಿಯಿತೋ ಎಂದು ಅದರಿಂದ ತಿಳಿಯುತ್ತದೆ.

ಆಪರೇಶನ್ ಯಾವ ವಯಸ್ಸಿನಲ್ಲಿ?

ರೆಪ್ಪೆ ಇಳಿದ ಎಲ್ಲ ಮಕ್ಕಳಿಗೂ ಕೂಡಲೇ ಆಪರೇಶನ್ ಬೇಕಾಗುವುದಿಲ್ಲ. ಇದನ್ನು ಸರಿಯಾಗಿ ತಿಳಿದುಕೊಳ್ಳಿ: ಪರೀಕ್ಷೆ ಕೂಡಲೇ ಆಗಬೇಕು, ಆಪರೇಶನಿನ ಸಮಯವನ್ನು ಡಾಕ್ಟರು ಹೇಳುತ್ತಾರೆ.

ರೆಪ್ಪೆ ಸ್ವಲ್ಪವೇ ಇಳಿದಿದ್ದು, ದೃಷ್ಟಿ ಚೆನ್ನಾಗಿ ಬೆಳೆಯುತ್ತಿದ್ದರೆ ಸಾಮಾನ್ಯವಾಗಿ 3ರಿಂದ 5 ವರ್ಷದ ತನಕ ಕಾಯುತ್ತಾರೆ. ಆ ವಯಸ್ಸಿನಲ್ಲಿ ಅಳತೆ ಸರಿಯಾಗಿ ಸಿಗುತ್ತದೆ, ಶಾಲೆಗೆ ಸೇರುವ ಹೊತ್ತಿಗೆ ಕೆಲಸ ಮುಗಿಯುತ್ತದೆ. ಆದರೆ ಈ ಕಾಯುವ ಕಾಲದಲ್ಲಿ ಡಾಕ್ಟರು ಹೇಳಿದ ದಿನ ತಪ್ಪದೆ ದೃಷ್ಟಿ ಪರೀಕ್ಷೆಗೆ ಹೋಗುತ್ತಿರಬೇಕು. ರೆಪ್ಪೆ ಪಾಪೆಯನ್ನು ಮುಚ್ಚಿದ್ದರೆ ಮಾತ್ರ ಕಾಯುವ ಹಾಗಿಲ್ಲ. ಅಂಥ ಮಗುವಿಗೆ ಮೊದಲ ವರ್ಷದಲ್ಲಿಯೇ ಆಪರೇಶನ್ ಮಾಡಬೇಕಾಗಬಹುದು.

ಆಪರೇಶನ್ ಅಂದರೆ ಏನು ಮಾಡುತ್ತಾರೆ?

"ಕಣ್ಣನ್ನು ಹೊರಗೆ ತೆಗೆದು ಆಪರೇಶನ್ ಮಾಡ್ತಾರಂತೆ" ಎಂದು ಹೆದರಿ ಓಡಿಬಂದವರೂ ಇದ್ದಾರೆ. ಹಾಗೆ ಎಂದೂ ಮಾಡುವುದಿಲ್ಲ. ಈ ಆಪರೇಶನ್ ರೆಪ್ಪೆಯಲ್ಲಿ ನಡೆಯುತ್ತದೆ, ಕಣ್ಣುಗುಡ್ಡೆಯ ಒಳಗೆ ಅಲ್ಲ. ಮಕ್ಕಳು ಅಲುಗಾಡದೆ ಇರಲಾರರು, ಆದುದರಿಂದ ಪೂರ್ಣ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಮುಖ್ಯವಾಗಿ ಎರಡು ವಿಧ ಉಂಟು.

ಮೊದಲನೆಯದು, ಸ್ನಾಯುವಿಗೆ ಸ್ವಲ್ಪವಾದರೂ ಬಲ ಇರುವ ಮಕ್ಕಳಿಗೆ. ರೆಪ್ಪೆಯ ಮಡಿಕೆಯಲ್ಲಿ ಸಣ್ಣದಾಗಿ ಕೊಯ್ದು, ರೆಪ್ಪೆ ಎತ್ತುವ ಸ್ನಾಯುವಿನ ಒಂದು ತುಂಡನ್ನು ತೆಗೆದು, ಉಳಿದದ್ದನ್ನು ಬಿಗಿಯಾಗಿ ಹೊಲಿಯುತ್ತಾರೆ. ಸಡಿಲವಾದ ರವಿಕೆಯನ್ನು ನಾವು ಒಳಗಿನಿಂದ ಹಿಡಿದು ಹೊಲಿದು ಬಿಗಿ ಮಾಡುವುದಿಲ್ಲವೇ, ಹಾಗೆಯೇ ಇದು. ಗಾಯದ ಗುರುತು ರೆಪ್ಪೆಯ ಮಡಿಕೆಯಲ್ಲಿ ಅಡಗುತ್ತದೆ.

ಎರಡನೆಯದು, ಸ್ನಾಯುವಿಗೆ ಬಲವೇ ಇಲ್ಲದ ಮಕ್ಕಳಿಗೆ. ಬಲ ಇಲ್ಲದ ಸ್ನಾಯುವನ್ನು ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಕಡಿಮೆ. ಆದುದರಿಂದ ರೆಪ್ಪೆಯನ್ನು ಹುಬ್ಬಿನ ಮೇಲಿನ ಹಣೆಯ ಸ್ನಾಯುವಿಗೆ ಒಂದು ಪಟ್ಟಿಯಿಂದ ಜೋಡಿಸುತ್ತಾರೆ. ಆಮೇಲೆ ಮಗು ಹುಬ್ಬು ಎತ್ತಿದರೆ ರೆಪ್ಪೆ ಏಳುತ್ತದೆ. ಈ ಪಟ್ಟಿಯನ್ನು ಮಗುವಿನ ತೊಡೆಯಿಂದಲೇ ತೆಗೆಯಬಹುದು. ತೊಡೆಯ ಬದಿಯಲ್ಲಿ ಸ್ನಾಯುಗಳನ್ನು ಸುತ್ತಿರುವ ಗಟ್ಟಿ ಪೊರೆ ಇದೆ, ಅದರಿಂದ ತೆಳ್ಳಗಿನ ಪಟ್ಟಿ ತೆಗೆಯುತ್ತಾರೆ. ಇದಕ್ಕೆ ಮಗುವಿನ ಕಾಲು ಸಾಕಷ್ಟು ಬೆಳೆದಿರಬೇಕು, ಅಂದರೆ ಸುಮಾರು 3-4 ವರ್ಷ ಆಗಿರಬೇಕು. ಅದಕ್ಕಿಂತ ಸಣ್ಣ ಶಿಶುವಿಗೆ ಸಿಲಿಕೋನಿನ ತೆಳು ನಳಿಗೆಯಂಥ ದಾರವನ್ನು ಉಪಯೋಗಿಸುತ್ತಾರೆ. ಸಿಲಿಕೋನ್ ವರ್ಷಗಳು ಕಳೆದ ಹಾಗೆ ಸಡಿಲ ಆಗಬಹುದು, ಆಗ ಇನ್ನೊಮ್ಮೆ ಆಪರೇಶನ್ ಬೇಕಾಗುತ್ತದೆ. ಅದು ಡಾಕ್ಟರರ ತಪ್ಪಲ್ಲ. ದೃಷ್ಟಿಯನ್ನು ಉಳಿಸುವುದಕ್ಕಾಗಿ ಮೊದಲು ಹಾಗೆ ಮಾಡಿರುತ್ತಾರೆ.

ಆಪರೇಶನಿನಿಂದ ರೆಪ್ಪೆ ಎತ್ತರಕ್ಕೆ ಬರುತ್ತದೆ, ಆದರೆ ಹುಟ್ಟಿನಿಂದ ಇಲ್ಲದ ಸ್ನಾಯು ಹೊಸತಾಗಿ ಬರುವುದಿಲ್ಲ. ಮಗು ಕೆಳಗೆ ನೋಡುವಾಗ ಆ ರೆಪ್ಪೆ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಎರಡು ಕಣ್ಣು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಒಂದೇ ಸಮ ಆಗಬೇಕು ಎಂದು ಹಟ ಮಾಡಬಾರದು. ಕೆಲವರಿಗೆ ರೆಪ್ಪೆ ಬೇಕಾದದ್ದಕ್ಕಿಂತ ಕಡಿಮೆ, ಕೆಲವರಿಗೆ ಸ್ವಲ್ಪ ಹೆಚ್ಚು ಏರುವುದು ಉಂಟು, ಅದನ್ನು ಸರಿಪಡಿಸಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಇದನ್ನೆಲ್ಲ ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು. "ಡಾಕ್ಟ್ರೇ, ನಮಗೆ ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ" ಎಂದು ಕೇಳಲು ನಾಚಿಕೆ ಬೇಡ.

ಆಪರೇಶನಿಗೆ ಮೊದಲು

ಮಗುವಿಗೆ ಜ್ವರ, ಕೆಮ್ಮು, ಶೀತ ಇದ್ದರೆ ಮುಚ್ಚಿಡದೆ ಹೇಳಿ. ಅರಿವಳಿಕೆ ಕೊಡುವಾಗ ಅದು ಮುಖ್ಯ, ಕೆಲವು ದಿನ ಮುಂದೆ ಹಾಕುತ್ತಾರೆ. ಎಷ್ಟು ಗಂಟೆಯಿಂದ ಊಟ, ಹಾಲು, ನೀರು ಕೊಡಬಾರದು ಎಂದು ಹೇಳಿರುತ್ತಾರೋ ಅದನ್ನು ತಪ್ಪದೆ ಪಾಲಿಸಿ. "ಪಾಪ, ಹಸಿದಿದೆ" ಎಂದು ಅಜ್ಜಿ ಗುಟ್ಟಾಗಿ ಒಂದು ಬಿಸ್ಕತ್ತು ಕೊಟ್ಟರೂ ಅಪಾಯ. ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋಗಬಹುದು.

ಆಪರೇಶನ್ ಆದ ಮೇಲೆ

ಅರ್ಧ ಕೆಲಸ ಆಸ್ಪತ್ರೆಯಲ್ಲಿ, ಉಳಿದ ಅರ್ಧ ಕೆಲಸ ಮನೆಯಲ್ಲಿ. ಒಂದೆರಡು ವಾರ ರೆಪ್ಪೆ ಊದಿಕೊಂಡು ನೀಲಿಗಟ್ಟಿರುತ್ತದೆ. ಮಗು ನಿದ್ರೆ ಮಾಡುವಾಗ ಕಣ್ಣು ಸ್ವಲ್ಪ ತೆರೆದೇ ಇರುತ್ತದೆ, ಮೊದಲಿಗಿಂತ ಹೆಚ್ಚೇ ಕಾಣಬಹುದು. ತೆರೆದ ಕಣ್ಣು ಒಣಗಿದರೆ ಕಾರ್ನಿಯಾದಲ್ಲಿ ಹುಣ್ಣಾಗುತ್ತದೆ. ಆದುದರಿಂದ ಹಗಲು ಹನಿ ಔಷಧಿ, ರಾತ್ರಿ ಮಲಗುವಾಗ ಮುಲಾಮು ಹಾಕಲು ಹೇಳುತ್ತಾರೆ. ಇದು ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಊತ ಇಳಿಯಿತೆಂದು ನಾವೇ ನಿಲ್ಲಿಸಬಾರದು. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಳದ ಹಾಗೆ ಮಲಗಿಸಿ.

ಡಾಕ್ಟರು ಅನುಮತಿ ಕೊಡುವ ತನಕ ಮರಳಿನಲ್ಲಿ ಆಟ, ಕೆರೆ, ಹೊಳೆ, ಸಮುದ್ರದ ಸ್ನಾನ ಬೇಡ. ಸಮುದ್ರದ ಬದಿಯಲ್ಲಿ ಗಾಳಿಯೊಂದಿಗೆ ಮರಳು ಹಾರುತ್ತದೆ, ಅಲ್ಲಿಯ ತಾಯಂದಿರು ಹೆಚ್ಚು ಜಾಗ್ರತೆ ವಹಿಸಬೇಕು. ಕಣ್ಣು ಕೆಂಪಾದರೆ, ನೋವು ಎಂದು ಅತ್ತರೆ, ಕೀವು ಬಂದರೆ, ಬೆಳಕು ನೋಡಲು ಆಗದೆ ಕಣ್ಣು ಬಿಗಿಯಾಗಿ ಮುಚ್ಚಿದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅದೇ ದಿನ ಹೋಗಿ.

ಸೋಮಾರಿ ಕಣ್ಣು ಇದ್ದರೆ ರೆಪ್ಪೆ ಎದ್ದ ಮಾತ್ರಕ್ಕೆ ಮುಗಿಯುವುದಿಲ್ಲ. ಕನ್ನಡಕ ಕೊಡುತ್ತಾರೆ. ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಿ, ಸೋಮಾರಿ ಕಣ್ಣಿಗೆ ಕೆಲಸ ಕೊಡಲು ಹೇಳುತ್ತಾರೆ. ಮಗು ಪಟ್ಟಿ ಕಿತ್ತು ಹಾಕುತ್ತದೆ, ಅಳುತ್ತದೆ. ಆ ಹೊತ್ತಿಗೆ ಚಿತ್ರದ ಪುಸ್ತಕ, ಬಣ್ಣ ಹಾಕುವುದು, ಮಣಿ ಪೋಣಿಸುವುದು ಹೀಗೆ ಕಣ್ಣಿಗೆ ಕೆಲಸ ಕೊಡುವ ಆಟ ಆಡಿಸಿ. ಇದು ತಿಂಗಳುಗಟ್ಟಲೆ ಮಾಡಬೇಕಾದ ಕೆಲಸ. ಒಬ್ಬಳೇ ತಾಯಿಗೆ ಕಷ್ಟ, ಮನೆಯವರೆಲ್ಲ ಕೈಜೋಡಿಸಬೇಕು.

ಎಲ್ಲಿಗೆ ಹೋಗುವುದು? ಖರ್ಚು?

ನಮ್ಮ ಜಿಲ್ಲೆಯವರು ಈ ವಿಷಯದಲ್ಲಿ ಅದೃಷ್ಟವಂತರು. ದೂರದ ಬೆಂಗಳೂರಿಗೆ ಓಡಬೇಕಾಗಿಲ್ಲ. ಮೊದಲ ಪರೀಕ್ಷೆಗೆ ಉಡುಪಿಯ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಬಹುದು. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಸ್ಥಾಪಿಸಿದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಂದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ, ಮಕ್ಕಳ ವಿಭಾಗ, ಅರಿವಳಿಕೆ ವಿಭಾಗ ಎಲ್ಲವೂ ಒಂದೇ ಕಡೆ ಇವೆ. ಸಣ್ಣ ಶಿಶುವಿನ ಆಪರೇಶನಿಗೆ ಇದು ಮುಖ್ಯ. ಕಾಪುವಿನಿಂದ ಕಟಪಾಡಿ ದಾಟಿ ಉಡುಪಿಗೆ ಬಂದು ಬಸ್ಸು ಬದಲಿಸಿದರೆ ಮಣಿಪಾಲ. ಕಾರ್ಕಳದಿಂದ ಬೈಲೂರು, ಹಿರಿಯಡಕ ದಾರಿಯಾಗಿ ಬಂದರೆ ಮಣಿಪಾಲ ಉಡುಪಿಗಿಂತ ಮೊದಲೇ ಸಿಗುತ್ತದೆ. ಎಲ್ಲ ಕಣ್ಣಿನ ಡಾಕ್ಟರುಗಳೂ ರೆಪ್ಪೆಯ ಆಪರೇಶನ್ ಮಾಡುವುದಿಲ್ಲ. "ರೆಪ್ಪೆಯ ಆಪರೇಶನ್ ಮಾಡುವ ಡಾಕ್ಟರು ಯಾವ ದಿನ ಇರುತ್ತಾರೆ?" ಎಂದು ಫೋನಿನಲ್ಲಿ ಕೇಳಿ ಹೊರಟರೆ ಒಂದು ದಿನದ ಕೂಲಿ ಉಳಿಯುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಹುಟ್ಟಿನಿಂದ 18 ವರ್ಷದ ತನಕದ ಮಕ್ಕಳ ತಪಾಸಣೆ ಉಚಿತ. ಈ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಸಲ ಬರಬೇಕು. ಬರುವ ದಿನವನ್ನು ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು, ಆ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಬೇಡಿ. ಅವರು ದೊಡ್ಡ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ.

2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಜಾರಿಯಲ್ಲಿದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಸೌಲಭ್ಯ ಇದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು ಸಿಗುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಹೆಚ್ಚಿನ ಚಿಕಿತ್ಸೆಗಳಿಗೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಆದುದರಿಂದ ಮೊದಲು ಜಿಲ್ಲಾ ಆಸ್ಪತ್ರೆಗೆ ಅಥವಾ ತಾಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಯ ಆರೋಗ್ಯಮಿತ್ರರ ಹತ್ತಿರ ನಿಮ್ಮ ಮಗುವಿನ ಆಪರೇಶನಿಗೆ ಸೌಲಭ್ಯ ಹೇಗೆ ಸಿಗುತ್ತದೆ ಎಂದು ಕೇಳಿ. ರೇಶನ್ ಕಾರ್ಡು, ತಾಯಿ-ತಂದೆಯ ಮತ್ತು ಮಗುವಿನ ಆಧಾರ್ ಕಾರ್ಡು ಜೊತೆಗಿರಲಿ. ರೇಶನ್ ಕಾರ್ಡಿನಲ್ಲಿ ಮಗುವಿನ ಹೆಸರು ಇನ್ನೂ ಸೇರಿಸದಿದ್ದರೆ ಈಗಲೇ ಸೇರಿಸಿ.

ಸಂಘ ಏನು ಮಾಡಬಹುದು?

ಚಿಕಿತ್ಸೆ ಉಚಿತವಾದರೂ ಬಸ್ಸಿನ ಖರ್ಚು, ಜೊತೆಗೆ ನಿಲ್ಲುವವರ ಊಟ, ಬೀಡಿ ಕಟ್ಟುವ, ಮೀನು ಮಾರುವ ತಾಯಿಗೆ ತಪ್ಪಿಹೋಗುವ ದಿನದ ಸಂಪಾದನೆ ಇವೆಲ್ಲ ಉಂಟು. ಮಗುವಿನ ಆಪರೇಶನ್ ಮುಂದೆ ಹೋಗುವುದು ಹೆಚ್ಚಾಗಿ ಇಂಥ ಸಣ್ಣ ಖರ್ಚುಗಳಿಂದ. ಇಲ್ಲಿ ಸಂಘದ ಆಂತರಿಕ ಸಾಲ ಉಪಯೋಗಕ್ಕೆ ಬರುತ್ತದೆ. ಬಡ್ಡಿಗೆ ಕೊಡುವವರ ಹತ್ತಿರ ಹೋಗಿ ಕಿವಿಯೋಲೆ ಅಡವು ಇಡುವ ಮೊದಲು ಸಂಘದಲ್ಲಿ ಮಾತಾಡಿ. ಮಕ್ಕಳ ಚಿಕಿತ್ಸೆಯ ಸಾಲಕ್ಕೆ ಮೊದಲ ಆದ್ಯತೆ ಎಂದು ನಿರ್ಣಯ ಪುಸ್ತಕದಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಹಣಕ್ಕಿಂತಲೂ ಹೆಚ್ಚಾಗಿ ಜೊತೆ ಬೇಕು. ಆಸ್ಪತ್ರೆಯ ಕೌಂಟರಿನ ಎದುರು ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ, ಚೀಟಿ ಓದಿ ಹೇಳಲು ಒಬ್ಬ ಅಕ್ಕ ಜೊತೆಯಲ್ಲಿದ್ದರೆ ಅವಳಿಗೆ ಅರ್ಧ ಧೈರ್ಯ ಬಂದ ಹಾಗೆ. ಮೊದಲ ಭೇಟಿಗೆ ಸಂಘದ ಒಬ್ಬ ಸದಸ್ಯೆ ಜೊತೆಗೆ ಹೋಗಲಿ. ತಾಯಿ ಆಸ್ಪತ್ರೆಯಲ್ಲಿ ಇರುವಾಗ ಮನೆಯ ಇತರ ಮಕ್ಕಳನ್ನು ನೆರೆಮನೆಯ ಸದಸ್ಯೆ ನೋಡಿಕೊಳ್ಳಲಿ. 'ಕುರುಡ', 'ಒಕ್ಕಣ್ಣ', 'ನಿದ್ದೆಗಣ್ಣಿ' ಎಂದು ಮಕ್ಕಳು ಹಾಸ್ಯ ಮಾಡುವುದನ್ನು ಕೇಳಿದರೆ ಅಲ್ಲಿಯೇ ತಿದ್ದಿ. ಶಾಲೆಯ ಟೀಚರಿಗೆ ಹೇಳಿ ಅಂಥ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ.

ದೊಡ್ಡವರಾದ ಮೇಲೆ ಬಂದವರಿಗೆ ಚಿಕಿತ್ಸೆ ಇಲ್ಲ ಎಂದು ಯಾರೂ ತಿಳಿಯಬಾರದು. ಯಾವ ವಯಸ್ಸಿನಲ್ಲಾದರೂ ರೆಪ್ಪೆ ಎತ್ತುವ ಆಪರೇಶನ್ ಮಾಡಬಹುದು. ಅವರ ಗದ್ದ ಕೆಳಗೆ ಬರುತ್ತದೆ, ಕುತ್ತಿಗೆಯ ನೋವು ಕಡಿಮೆಯಾಗುತ್ತದೆ, ಜನರ ಎದುರು ತಲೆ ಎತ್ತಿ ಮಾತಾಡುವ ಧೈರ್ಯ ಬರುತ್ತದೆ. ಆದರೆ ದೃಷ್ಟಿ ಸಹ ಉಳಿಯಬೇಕಾದರೆ ಸಣ್ಣ ವಯಸ್ಸಿನಲ್ಲಿಯೇ ತೋರಿಸಬೇಕು. ಈ ಒಂದು ಮಾತನ್ನು ಪ್ರತಿಯೊಬ್ಬ ಸದಸ್ಯೆ ತನ್ನ ನೆರೆಯ ಐದು ಮನೆಗಳಿಗೆ ಮುಟ್ಟಿಸಿದರೆ ಈ ಪಾಠ ಸಾರ್ಥಕವಾಯಿತು.

ಸಭೆಯಲ್ಲಿ ಚರ್ಚಿಸಲು

1. ನಮ್ಮ ವಾರ್ಡಿನಲ್ಲಿ ರೆಪ್ಪೆ ಇಳಿದ, ಮೆಳ್ಳೆಗಣ್ಣಿನ ಅಥವಾ ಗದ್ದ ಎತ್ತಿ ನೋಡುವ ಮಕ್ಕಳು ಇದ್ದಾರೆಯೇ? ಅವರನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದ್ದಾರೆಯೇ?

2. "ದೊಡ್ಡವಳಾದ ಮೇಲೆ ನೋಡುವ" ಎಂದು ಹೇಳುವವರಿಗೆ ನಾವು ಯಾವ ಉತ್ತರ ಕೊಡಬಹುದು?

3. ಅಂಗನವಾಡಿಗೆ ಮಕ್ಕಳ ತಪಾಸಣೆಯ ತಂಡ ಕೊನೆಯ ಸಲ ಯಾವಾಗ ಬಂದಿತ್ತು? ಮುಂದಿನ ಸಲ ಯಾವಾಗ ಬರುತ್ತದೆ? ಕೇಳಿ ತಿಳಿಯುವ ಜವಾಬ್ದಾರಿ ಯಾರದು?

4. ಸಾಲದ ಆದ್ಯತೆಯ ಬಗ್ಗೆ ಮೇಲೆ ಹೇಳಿದ ನಿರ್ಣಯವನ್ನು ನಾವು ಯಾವ ಸಭೆಯಲ್ಲಿ ಮಾಡೋಣ?

5. ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ನಮ್ಮಲ್ಲಿ ಯಾವ ಇಬ್ಬರು ಸದಸ್ಯೆಯರು ತಯಾರಿದ್ದಾರೆ?